ಓಡುತ್ತಲೇ ಬೆಳೆದ ಪದ

'ರನ್' ಎಂಬ ಪುಟ್ಟ ಇಂಗ್ಲಿಷ್ ಕ್ರಿಯಾಪದದ ಅರ್ಥಗಳನ್ನು ಬಿಡಿಸಿ ಜೋಡಿಸಲು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಕೊನೆಗೆ ಸಿಕ್ಕ ಅರ್ಥಗಳು 645. 1989ರ ಎರಡನೆಯ ಆವೃತ್ತಿಯಲ್ಲಿ ಮೊದಲ ಸ್ಥಾನ 'ಸೆಟ್'ನದಾಗಿತ್ತು. ಸುಮಾರು 430 ಅರ್ಥಗಳಿದ್ದ ಅದನ್ನು 'ರನ್' ಹಿಂದೆ ಹಾಕಿತು.

ನಿಘಂಟುಕಾರರನ್ನು ಕಾಡುವುದು ಇಂಥ ಪದಗಳೇ. ಉದ್ದನೆಯ ಲ್ಯಾಟಿನ್ ಮೂಲದ ಪದಕ್ಕೆ ಬಹುಮಟ್ಟಿಗೆ ಒಂದೋ ಎರಡೋ ಅರ್ಥ. ಬರೆದು ಮುಂದೆ ಹೋಗಬಹುದು. 1755ರಲ್ಲೇ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಗೆಟ್, ಪುಟ್, ಸೆಟ್, ಟೇಕ್, ರನ್ ಮುಂತಾದವನ್ನು ಹೆಸರಿಸಿ, ಇವುಗಳ ಅರ್ಥಕ್ಕೆ ಎಲ್ಲೆ ಕಟ್ಟುವುದು ಎಷ್ಟು ಕಷ್ಟವೆಂದು ತೋಡಿಕೊಂಡಿದ್ದರು.

ಆದರೂ ಜಾನ್ಸನ್ನರ ಕಾಲದ 'ರನ್' ಇಂದಿನಷ್ಟು ಬೆಳೆದಿರಲಿಲ್ಲ. ಕುದುರೆ ಓಡುತ್ತಿತ್ತು, ಹೊಳೆ ಹರಿಯುತ್ತಿತ್ತು. ಆಮೇಲೆ ಹಬೆಯಂತ್ರ ಬಂತು, ರೈಲು ಬಂತು, ಕಾರ್ಖಾನೆ ಬಂತು. ಇವೆಲ್ಲವನ್ನೂ ಹೇಳಲು ಜನ ಹೊಸ ಪದ ಹುಡುಕಲಿಲ್ಲ, ಕೈಗೆ ಸಿಕ್ಕಿದ್ದನ್ನೇ ಬಳಸಿದರು. ಯಂತ್ರ 'ರನ್' ಆಯಿತು, ಅದರ ಒಡೆಯ ಕಾರ್ಖಾನೆಯನ್ನು 'ರನ್' ಮಾಡಿದ, ಪತ್ರಿಕೆ ಸುದ್ದಿಯನ್ನು 'ರನ್' ಮಾಡಿತು. ಈಗ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಕೂಡ 'ರನ್' ಆಗುತ್ತದೆ. ಈ ಬೆಳವಣಿಗೆಗೆ ಕೈಗಾರಿಕಾ ಕ್ರಾಂತಿಯೇ ದೊಡ್ಡ ಕಾರಣವೆನ್ನುತ್ತಾರೆ ಆಕ್ಸ್‌ಫರ್ಡ್ ನಿಘಂಟಿನ ಚರಿತ್ರೆ ಬರೆದ ಸೈಮನ್ ವಿಂಚೆಸ್ಟರ್. ನನಗೂ ಅದು ಸರಿಯೆನಿಸುತ್ತದೆ.

ಹಾಗಾದರೆ ಇದಕ್ಕೆ ಸಮಾನಾರ್ಥಕ ಪದ ಯಾವುದು? 1852ರಲ್ಲಿ ಪೀಟರ್ ಮಾರ್ಕ್ ರೊಜೆ ಎಂಬ ವೈದ್ಯರು ಪ್ರಕಟಿಸಿದ ಥೆಸಾರಸ್ ಎಂಬ ಸಮಾನಾರ್ಥಕ ಪದಕೋಶದ ಮಾದರಿಯ ಪುಸ್ತಕ ತೆರೆದರೆ ಸ್ಪ್ರಿಂಟ್, ಫ್ಲೋ, ಆಪರೇಟ್, ಮ್ಯಾನೇಜ್ ಎಂದು ಸಾಲು ಸಾಲಾಗಿ ಸಿಗುತ್ತವೆ. ಆದರೆ ಸ್ಪ್ರಿಂಟ್ ಕಾಲಿಗೆ, ಫ್ಲೋ ನೀರಿಗೆ, ಆಪರೇಟ್ ಯಂತ್ರಕ್ಕೆ. ಮ್ಯಾನೇಜ್ ಇಟಲಿಯಲ್ಲಿ ಕುದುರೆ ಪಳಗಿಸುವವರ ಮಾತಾಗಿ ಹುಟ್ಟಿ ಇಂಗ್ಲಿಷಿಗೆ ಬಂದದ್ದು. ಇಂದು ಅಂಗಡಿ, ಕಚೇರಿಗಳ ಆಚೆ ಅದು 'ರನ್'ನ ಜಾಗದಲ್ಲಿ ಕೂರುವುದು ಕಡಿಮೆ. ಪ್ರಬಂಧ ಬರೆಯುವ ಮಕ್ಕಳಿಗೆ ಇಂಥ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನನಗೆ ಬೇಸರದ ವಿಷಯ. ಪದದ ಪಕ್ಕದಲ್ಲಿ ಯಾರಿದ್ದಾರೆಂದು ತಿಳಿಯದೆ ಅದರ ಬದಲಿಗೆ ಇನ್ನೊಂದನ್ನು ಇಡಲಾಗದು.

ಕನ್ನಡದ 'ಓಡು' ಸ್ವಲ್ಪ ದೂರ ಅದರ ಜೊತೆಗೇ ಹೋಗುತ್ತದೆ. ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆಯಲ್ಲಿ ತಲೆ ಓಡುವುದಿಲ್ಲ. ಮುಂದೆ ದಾರಿ ಕವಲೊಡೆಯುತ್ತದೆ: ಅಂಗಡಿ ನಡೆಸುತ್ತೇವೆ, ನೆಗಡಿಗೆ ಮೂಗು ಸೋರುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ 'ರನ್' ಒಂದೇ ಸಾಕು. ಆ ಭಾಷೆಯೊಳಗೂ ಒಮ್ಮತವೇನಿಲ್ಲ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ರನ್' ಮಾಡುತ್ತಾನೆ. ಬ್ರಿಟನ್ನಿನವನು, ನಮ್ಮವನ ಹಾಗೆಯೇ, ನಿಲ್ಲುತ್ತಾನೆ.