ಪುಟ್ಟಿ ತಲೇಲಿ ಹೇನಾ? ಸೀರಣಿಗೆ ಇದೆಯಲ್ಲ!

ಸಂಜೆ ನಾಲ್ಕೂವರೆ. ಸ್ಕೂಲ್ ವ್ಯಾನ್ ಇಳಿದು ಬಂದ ಮಗಳು ಬ್ಯಾಗನ್ನು ಸೋಫಾ ಮೇಲೆ ಎಸೆದು, ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಇನ್ನೊಂದು ಕೈಯಲ್ಲಿ ಪರಪರ ಅಂತ ತಲೆ ಕೆರೆದುಕೊಳ್ತಾ ಟಿವಿ ಮುಂದೆ ಕೂರ್ತಾಳೆ. ಮೊದಲ ದಿನ ನೀವು ಗಮನಿಸೋದಿಲ್ಲ. ಎರಡನೇ ದಿನ 'ಬೆವರಿಗಿರಬೇಕು' ಅಂದುಕೊಳ್ತೀರಿ. ಮೂರನೇ ದಿನ ಜಡೆ ಹಾಕುವಾಗ ಕಿವಿಯ ಹಿಂದೆ ಏನೋ ಸರಕ್ಕನೆ ಹರಿದಂತಾಗುತ್ತೆ. ಅಯ್ಯೋ ದೇವ್ರೇ, ಹೇನು!

ಆ ಕ್ಷಣಕ್ಕೆ ಕಾಲ ಕೆಳಗಿನ ನೆಲ ಕುಸಿದ ಹಾಗಾಗುತ್ತೆ ಅಲ್ವಾ? 'ದಿನಾ ಸ್ನಾನ ಮಾಡಿಸ್ತೀನಿ, ವಾರಕ್ಕೆರಡು ಸಲ ತಲೆಗೆ ನೀರು ಹಾಕ್ತೀನಿ, ನಮ್ಮನೇಲಿ ಹೇನಾ?' ಅಂತ ನಾಚಿಕೆ. ಅತ್ತೆಗೆ ಹೇಳೋದು ಹೇಗೆ, ಪಕ್ಕದ ಮನೆಯವರಿಗೆ ಗೊತ್ತಾದರೆ ಏನಂದ್ಕೋತಾರೆ ಅನ್ನೋ ಚಿಂತೆ. ಆ ಸಿಟ್ಟೆಲ್ಲ ಕೊನೆಗೆ ಬೀಳೋದು ಮಗುವಿನ ಮೇಲೆ. 'ಯಾರ ಜೊತೆ ಕೂತ್ಕೊಂಡಿದ್ದೆ? ಯಾರ ತಲೆಗೆ ತಲೆ ಹಚ್ಚಿದೆ?' ಅಂತ ಪೊಲೀಸರ ಹಾಗೆ ವಿಚಾರಣೆ!

ಸ್ವಲ್ಪ ತಡೀರಿ. ಮಗುವನ್ನು ಬೈಯುವ ಮೊದಲು, ಕೈಗೆ ಸಿಕ್ಕಿದ ಔಷಧಿ ಸುರಿಯುವ ಮೊದಲು, ಈ ಹೇನು ಅನ್ನೋ ಪ್ರಾಣಿ ಏನು ಅಂತ ತಿಳಿದುಕೊಳ್ಳೋಣ.

ಕೊಳಕಿಗೂ ಹೇನಿಗೂ ನಂಟಿಲ್ಲ

ದೊಡ್ಡ ಹೇನು ಅಂದರೂ ಎಳ್ಳು ಕಾಳಿನಷ್ಟು, ಎರಡರಿಂದ ಮೂರು ಮಿಲಿಮೀಟರ್. ಅದಕ್ಕೆ ರೆಕ್ಕೆ ಇಲ್ಲ, ಹಾರೋಕೆ ಬರಲ್ಲ. ಚಿಗಟದ ಹಾಗೆ ನೆಗೆಯೋಕೂ ಬರಲ್ಲ. ಒಂದು ಕೂದಲಿಂದ ಇನ್ನೊಂದು ಕೂದಲಿಗೆ ತೆವಳಿಕೊಂಡೇ ಹೋಗಬೇಕು. ಹಾಗಾಗಿ ತಲೆಗೆ ತಲೆ ತಾಗಿದಾಗಲೇ ಅದು ಹೆಚ್ಚಾಗಿ ದಾಟೋದು. ಒಂದೇ ಪುಸ್ತಕದ ಮೇಲೆ ಇಬ್ಬರು ಬಗ್ಗಿ ಬಣ್ಣ ಹಚ್ಚುವಾಗ, ವ್ಯಾನಿನಲ್ಲಿ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆ ಹೋದಾಗ, ರಜೆಯಲ್ಲಿ ಅಜ್ಜಿ ಮನೆ ಹಾಸಿಗೆಯಲ್ಲಿ ಐದಾರು ಮಕ್ಕಳು ಸಾಲಾಗಿ ಮಲಗಿದಾಗ ಅದಕ್ಕೆ ಹಬ್ಬ.

ಅದಕ್ಕೆ ಬೇಕಾದದ್ದು ನೆತ್ತಿಯ ಬಿಸಿ ಮತ್ತು ರಕ್ತ. ತಲೆ ಚೊಕ್ಕಟವೋ ಕೊಳಕೋ ಅನ್ನೋದು ಅದಕ್ಕೆ ಬೇಕಿಲ್ಲ. ಇನ್ನೊಂದು ಸಮಾಧಾನದ ವಿಷಯ: ತಲೆ ಹೇನಿನಿಂದ ಯಾವ ರೋಗವೂ ಹರಡೋದಿಲ್ಲ. ಆದರೆ ಕೆರೆದು ಕೆರೆದು ಗಾಯವಾಗಿ, ಉಗುರಿನ ಕೊಳೆ ಸೇರಿ ಕೀವಾಗಬಹುದು. ರಾತ್ರಿ ನಿದ್ದೆ ಕೆಟ್ಟು ಮಗು ಕ್ಲಾಸಿನಲ್ಲಿ ತೂಕಡಿಸಬಹುದು. ಮೊದಲ ಸಲ ಹೇನು ಬಂದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಂದರೆ ನೀವು ನೋಡುವ ಹೊತ್ತಿಗೆ ಅದು ತಿಂಗಳ ಬಾಡಿಗೆದಾರ!

ನಾನು ಮಾಡಿದ ತಪ್ಪು ನೀವು ಮಾಡಬೇಡಿ

ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಅವಳ ಡೈರಿಯಲ್ಲಿ ಟೀಚರ್ ಒಂದು ಸಾಲು ಬರೆದು ಕಳಿಸಿದ್ದರು, ತಲೆ ನೋಡಿ ಅಂತ. ನನಗೋ ಅವಮಾನ. ಅಂಗಡಿಯ ಔಷಧಿ ಕೆಮಿಕಲ್, ಮಗುವಿಗೆ ಬೇಡ ಅಂತ ತೀರ್ಮಾನಿಸಿ, ಯಾರೋ ಹೇಳಿದ 'ನ್ಯಾಚುರಲ್' ಮದ್ದಿಗೆ ಕೈ ಹಾಕಿದೆ. ಸೀತಾಫಲದ ಬೀಜ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಎಣ್ಣೆಯಲ್ಲಿ ಕಲಸಿ ರಾತ್ರಿ ಹಚ್ಚಿ ಬಟ್ಟೆ ಕಟ್ಟಿದೆ. ನಡುರಾತ್ರಿ ಮಗು 'ಅಮ್ಮಾ ಕಣ್ಣು' ಅಂತ ಚೀರಿಕೊಂಡು ಎದ್ದಳು. ಬಟ್ಟೆ ಸರಿದು, ಎಣ್ಣೆ ಹಣೆಗಿಳಿದು, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡಿದ್ದಳು. ಕಣ್ಣು ಕೆಂಡದ ಹಾಗೆ ಕೆಂಪು. ನಲ್ಲಿ ಕೆಳಗೆ ಬಹಳ ಹೊತ್ತು ತೊಳೆದು, ಆಸ್ಪತ್ರೆಗೆ ಓಡಿದೆವು. ಕಪ್ಪುಗುಡ್ಡೆಯ ಮೇಲೆ ತರಚಿದಂತಾಗಿದೆ ಅಂದರು ಡಾಕ್ಟರ್. ಒಂದು ವಾರ ಡ್ರಾಪ್ಸ್ ಹಾಕಿದ ಮೇಲೆ ಸರಿಹೋಯ್ತು. ಆ ಒಂದು ವಾರ ನಾನು ನೆಟ್ಟಗೆ ಊಟ ಮಾಡಿಲ್ಲ.

ಸೀತಾಫಲದ ಬೀಜದ ಪುಡಿಯಿಂದ ಕಣ್ಣಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರೇ ದಾಖಲಿಸಿದ್ದಾರೆ ಅಂತ ಆಮೇಲೆ ತಿಳಿಯಿತು. ಗಿಡದಿಂದ ಬಂದದ್ದೆಲ್ಲ ಸೌಮ್ಯ ಅಂದ್ಕೊಳ್ಳೋದು ನಮ್ಮ ಭ್ರಮೆ. ಕೆಳಗಿನ ಪಟ್ಟಿಯನ್ನೂ ಗಮನದಲ್ಲಿಡಿ:

* ಸೀಮೆಎಣ್ಣೆ ಬೇಡವೇ ಬೇಡ. ಒಂದು ಕಿಡಿ ಸಾಕು, ಬೆಂಕಿ ಹೊತ್ತಿಕೊಳ್ಳುತ್ತೆ. ಮಗುವಿನ ಬಾಯಿಗೆ ಹೋಗಿ ಶ್ವಾಸಕೋಶಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು.
* ಜಿರಲೆ, ತಿಗಣೆ, ಇರುವೆಗೆ ಹಾಕುವ ಪುಡಿ, ಸೀಮೆಸುಣ್ಣ, ಸ್ಪ್ರೇ ತಲೆಯ ಹತ್ತಿರ ತರಬೇಡಿ. ಅವು ಕೀಟನಾಶಕಗಳು, ನೆತ್ತಿಯ ಚರ್ಮದ ಮೂಲಕವೂ ಮೈಗೆ ಸೇರುತ್ತವೆ. ಹಿಂದೆ ಹೇನಿಗೆ ಬಳಸುತ್ತಿದ್ದ ಲಿಂಡೇನ್ ಎಂಬ ಕೀಟನಾಶಕವನ್ನು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಅಪಾಯಕಾರಿ ರಾಸಾಯನಿಕಗಳ ಪಟ್ಟಿಗೆ ಸೇರಿಸಲಾಯಿತು.
* ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚೋದು ಎಲ್ಲ ಮನೆಯಲ್ಲೂ ಇರೋ ಪದ್ಧತಿ. ಆದರೆ ಪುಟ್ಟ ಮಕ್ಕಳಿಗೆ ಕರ್ಪೂರ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಸೆಳವು ಬರಬಹುದು.
* ಬೇವಿನ ಎಣ್ಣೆ ಹೊಟ್ಟೆಗೆ ಹೋಗಲೇಬಾರದು. ಬೆರಳು ಚೀಪುವ ಎಳೆಮಕ್ಕಳಿಗಂತೂ ಅದರ ಗೊಡವೆಯೇ ಬೇಡ.

ಹಾಗಾದ್ರೆ ಏನು ಮಾಡೋದು ಅಂತೀರಾ?

ಕೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಗಿತ್ತು ನನ್ನ ಕಥೆ. ನಮ್ಮತ್ತೆಯ ಟ್ರಂಕಿನಲ್ಲಿ ಮದ್ದು ಸುಮ್ಮನೆ ಬಿದ್ದಿತ್ತು. ಅದೇ ಸೀರಣಿಗೆ! ಎರಡೂ ಕಡೆ ಒತ್ತೊತ್ತಾಗಿ ಹಲ್ಲಿರುವ ಪುಟ್ಟ ಬಾಚಣಿಗೆ. 'ಕೂದಲಿದ್ದ ಮೇಲೆ ಹೇನು ಬರದೆ ಇರುತ್ತೇನೆ? ಅಳೋದು ಬಿಟ್ಟು ಕೂತ್ಕೊಂಡು ಬಾಚು' ಅಂದರು ಅತ್ತೆ. ಯಾರಿಗೆ ಹೇಳೋಕೆ ನಾಚಿಕೊಂಡಿದ್ದೆನೋ ಅವರೇ ಕೈಗೆ ಆಯುಧ ಕೊಟ್ಟರು.

ಈ ಆಯುಧ ಎಷ್ಟು ಹಳೆಯದು ಗೊತ್ತಾ? ಇಸ್ರೇಲಿನ ಲಾಖೀಶ್ ಎಂಬಲ್ಲಿ ಅಗೆದಾಗ ದಂತದ ಒಂದು ಹೇನು ಬಾಚಣಿಗೆ ಸಿಕ್ಕಿತ್ತು. ಸುಮಾರು 3,700 ವರ್ಷ ಹಿಂದಿನದು ಅಂತಾರೆ. ಅದರ ಮೇಲೆ ಪುಟ್ಟ ಅಕ್ಷರಗಳಲ್ಲಿ ಕೆತ್ತಿರುವುದನ್ನು 2022ರಲ್ಲಿ ವಿದ್ವಾಂಸರು ಓದಿ ಪ್ರಕಟಿಸಿದರು. ಕೂದಲು, ಗಡ್ಡದ ಹೇನನ್ನೆಲ್ಲ ಇದು ಕಿತ್ತೊಗೆಯಲಿ ಅನ್ನೋ ಹಾರೈಕೆಯಂತೆ ಅದು! ಅಷ್ಟು ಹಿಂದಿನ ಜನಕ್ಕೂ ನಮ್ಮದೇ ಗೋಳು ಇತ್ತು ನೋಡಿ.

ಬಾಚುವ ಕ್ರಮ ಹೀಗಿದೆ

ಒಣ ಕೂದಲಲ್ಲಿ ಹೇನು ಬಲು ಚುರುಕು, ಬೆಳಕು ಬಿದ್ದ ಕೂಡಲೇ ಓಡಿಬಿಡುತ್ತೆ. ಒದ್ದೆ ಕೂದಲಲ್ಲಿ ಅಲ್ಲಲ್ಲೇ ಗಟ್ಟಿಯಾಗಿ ಹಿಡಿದು ಕೂರುತ್ತೆ. ಬರೀ ನೀರು ಸುರಿದರೆ ಸಾಯೋದಿಲ್ಲ, ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಬದುಕಬಲ್ಲದು. ಅದು ಕದಲದೆ ಕೂತಾಗಲೇ ಬಾಚಿ ತೆಗೀಬೇಕು.

ಮೊದಲು ಎಂದಿನ ಶ್ಯಾಂಪೂ ಹಾಕಿ ತಲೆ ತೊಳೆಯಿರಿ. ಆಮೇಲೆ ಸಾದಾ ಕಂಡೀಶನರನ್ನು ಧಾರಾಳವಾಗಿ ಹಚ್ಚಿ, ತೊಳೆಯದೆ ಹಾಗೇ ಬಿಡಿ. ಕಂಡೀಶನರ್ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ. ಎಣ್ಣೆ ಹಚ್ಚಿದ ಮಾತ್ರಕ್ಕೆ ಹೇನೆಲ್ಲ ಸತ್ತವು ಅಂತ ನಂಬಿ ಕೂರಬೇಡಿ, ಬಾಚಣಿಗೆ ಜಾರಲು ಅದು ಸಹಾಯ ಅಷ್ಟೆ. ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಹಗಲು ಬೆಳಕಿರುವ ಕಿಟಕಿ ಪಕ್ಕ ಮಗುವನ್ನು ಕೂರಿಸಿ, ಹೆಗಲಿಗೆ ಬಿಳಿ ಟವೆಲ್ ಹಾಕಿ.

ಈಗ ಕೂದಲನ್ನು ಚಿಕ್ಕ ಚಿಕ್ಕ ಎಳೆಯಾಗಿ ಬೇರ್ಪಡಿಸಿ. ಸೀರಣಿಗೆಯ ಹಲ್ಲು ನೆತ್ತಿಗೆ ತಾಗುವಂತೆ ಇಟ್ಟು, ಬುಡದಿಂದ ತುದಿವರೆಗೆ ಒಂದೇ ಎಳೆತ. ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಎರಡೆರಡು ಸಲ ಬಾಚಿ. ಇಡೀ ತಲೆ ಮುಗಿದ ಮೇಲೆ ತೊಳೆದು ಇನ್ನೊಂದು ಸುತ್ತು ಬಾಚಿ. ಉದ್ದ ಜಡೆಯಾದರೆ ಅರ್ಧ ಗಂಟೆ ಹಿಡಿಯುತ್ತೆ. ಕಥೆ ಹೇಳಿ, ಇಲ್ಲವೇ ಅವಳ ಇಷ್ಟದ ಕಾರ್ಟೂನ್ ಹಾಕಿ. ಕೂದಲೆಳೆದು ನೋವಾದರೆ ಮುಂದಿನ ಸಲ ಮಗು ಹತ್ತಿರ ಬರೋದಿಲ್ಲ!

ಯಾಕೆ ಎರಡು ವಾರ?

ನಾವೆಲ್ಲ ಎಡವೋದು ಇಲ್ಲೇ. ಒಂದು ದಿನ ಬಾಚಿ, ಹೇನು ಉದುರಿತು ಅಂತ ಸಂತೋಷಪಟ್ಟು ಸುಮ್ಮನಾಗ್ತೀವಿ. ಆದರೆ ಸೀರು ಉಳಿದಿರುತ್ತಲ್ಲ! ಹೆಣ್ಣು ಹೇನು ದಿನಕ್ಕೆ ಎಂಟರವರೆಗೂ ಮೊಟ್ಟೆ ಇಡುತ್ತೆ, ಅದೂ ಕೂದಲಿಗೆ ಗೋಂದು ಹಾಕಿ ಅಂಟಿಸಿದ ಹಾಗೆ. ಏಳರಿಂದ ಹತ್ತು ದಿನಕ್ಕೆ ಮೊಟ್ಟೆಯೊಡೆದು ಮರಿ ಬರುತ್ತೆ. ಆ ಮರಿ ಬೆಳೆದು ತಾನು ಮೊಟ್ಟೆ ಇಡೋಕೆ ಮತ್ತೆ ಒಂಬತ್ತರಿಂದ ಹನ್ನೆರಡು ದಿನ ಬೇಕು. ಈ ಲೆಕ್ಕದಲ್ಲೇ ನಮ್ಮ ಗೆಲುವಿದೆ. ನಾಲ್ಕು ದಿನಕ್ಕೊಮ್ಮೆ ಬಾಚುತ್ತಾ ಹೋದರೆ ಮರಿಗಳೆಲ್ಲ ದೊಡ್ಡವಾಗುವ ಮೊದಲೇ ಸಿಕ್ಕಿಬೀಳುತ್ತವೆ, ಹೊಸ ಮೊಟ್ಟೆಗೆ ಅವಕಾಶವೇ ಇರಲ್ಲ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ: 1ನೇ ದಿನ, 5ನೇ ದಿನ, 9ನೇ ದಿನ, 13ನೇ ದಿನ. 17ನೇ ದಿನ ಇನ್ನೊಮ್ಮೆ ಪರೀಕ್ಷೆ. ಮಧ್ಯೆ ದೊಡ್ಡ ಹೇನು ಸಿಕ್ಕಿತೋ, ಒಂದೋ ಮೊದಲ ದಿನ ತಪ್ಪಿಸಿಕೊಂಡದ್ದು, ಇಲ್ಲವೇ ಯಾರದೋ ತಲೆಯಿಂದ ಹೊಸದಾಗಿ ಬಂದದ್ದು. ಆಗ ಲೆಕ್ಕ ಮತ್ತೆ ಒಂದರಿಂದ ಶುರು.

ಬಿಳಿ ಸೀರು ಕಂಡ ಕೂಡಲೇ ಗಾಬರಿ ಬೇಡ. ಹೊಟ್ಟಾದರೆ ಊದಿದರೆ ಹಾರುತ್ತೆ, ಸೀರು ಕೂದಲಿಗೆ ಕಚ್ಚಿಕೊಂಡಿರುತ್ತೆ. ಜೀವಂತ ಮೊಟ್ಟೆ ನೆತ್ತಿಯಿಂದ ಆರು ಮಿಲಿಮೀಟರ್ ಒಳಗೆ ಇರುತ್ತೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯೋದ್ರಿಂದ, ಅದಕ್ಕಿಂತ ದೂರ ಕಾಣುವ ಸೀರು ಸಾಮಾನ್ಯವಾಗಿ ಖಾಲಿ ಚಿಪ್ಪು.

ಮನೆಯನ್ನೆಲ್ಲ ಒಗೆಯಬೇಕಿಲ್ಲ

ತಲೆಯಿಂದ ಕೆಳಗೆ ಬಿದ್ದ ಹೇನು ಊಟವಿಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತೆ. ಹಾಗಾಗಿ ಹಾಸಿಗೆ ಸುಡುವುದು, ಸೋಫಾಗೆ ಸ್ಪ್ರೇ ಹೊಡೆಯುವುದು ಬೇಡ. ಹಿಂದಿನ ಎರಡು ದಿನ ಬಳಸಿದ ದಿಂಬಿನ ಕವರು, ಟವೆಲು, ಹೊದಿಕೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಾಚಣಿಗೆ, ರಿಬ್ಬನ್, ಹೇರ್‌ಬ್ಯಾಂಡುಗಳನ್ನು ಹತ್ತು ನಿಮಿಷ ಬಿಸಿನೀರಲ್ಲಿ ನೆನೆಸಿ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ. ನಿಮ್ಮದನ್ನೂ! ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳೋದು ನೀವೇ ತಾನೆ?

ಡಾಕ್ಟರ ಹತ್ತಿರ ಯಾವಾಗ?

ನೆತ್ತಿಯಲ್ಲಿ ಕೀವು, ಕತ್ತಿನಲ್ಲಿ ಗಂಟು, ಜ್ವರ ಇದ್ದರೆ ಬಾಚುತ್ತಾ ಕೂರಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಎರಡು ಮೂರು ಸುತ್ತು ಶ್ರದ್ಧೆಯಿಂದ ಬಾಚಿದರೂ ಬಗ್ಗದಿದ್ದರೆ ಡೈಮೆಥಿಕೋನ್ ಇರುವ ಲೋಷನ್ ಬಗ್ಗೆ ಕೇಳಿ. ಅದು ಕೀಟನಾಶಕ ಅಲ್ಲ, ಹೇನಿನ ಮೈಗೆ ಮುಸುಕು ಹಾಕಿದ ಹಾಗೆ ಮೆತ್ತಿಕೊಂಡು ಕೊಲ್ಲುತ್ತೆ. ಹಚ್ಚಿದಾಗ ಒಲೆ, ದೀಪದ ಹತ್ತಿರ ಮಾತ್ರ ಮಗುವನ್ನು ಬಿಡಬೇಡಿ. ಪರ್ಮೆಥ್ರಿನ್ ಔಷಧಿ ಬರೆದುಕೊಟ್ಟರೂ ಹೆದರಬೇಕಿಲ್ಲ, ಹೇಳಿದಷ್ಟೇ ಹೊತ್ತು, ಹೇಳಿದಷ್ಟೇ ಸಲ ಹಚ್ಚಿದರಾಯ್ತು. ಬೇಗ ಹೋಗಲಿ ಅಂತ ದುಪ್ಪಟ್ಟು ಮಾಡೋದು ತಪ್ಪು. ವರ್ಷ ತುಂಬದ ಕೂಸಿಗಂತೂ ಕೇಳದೆ ಏನೂ ಹಚ್ಚಬೇಡಿ.

ಕೊನೆಯದು, ಕಷ್ಟದ್ದು: ಒಂದು ಫೋನ್

ನಾನು ಎರಡು ವಾರ ಬಾಚಿ ಗೆದ್ದೆ ಅಂದುಕೊಂಡೆ. ತಿಂಗಳೊಳಗೆ ಹೇನು ಮತ್ತೆ ಹಾಜರ್! ಅವಳ ಪಕ್ಕ ಕೂರುವ ಗೆಳತಿಯ ತಲೆಯಲ್ಲೂ ಇತ್ತು, ಆ ಅಮ್ಮನೂ ನನ್ನ ಹಾಗೇ ಬಾಯಿಬಿಟ್ಟಿರಲಿಲ್ಲ. ಕೊನೆಗೆ ಧೈರ್ಯ ಮಾಡಿ ಫೋನ್ ಮಾಡಿದೆ. 'ನಿಮ್ಮ ಮಗಳಿಗಿದೆಯಾ?' ಅಂತ ಕೇಳಲಿಲ್ಲ. 'ನನ್ನ ಮಗಳಿಗಾಗಿದೆ ಕಣ್ರೀ, ನಿಮ್ಮವಳದ್ದೂ ಒಂದ್ಸಲ ನೋಡಿಬಿಡಿ' ಅಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, 'ಅಬ್ಬಾ, ನಮ್ಮನೇಲಿ ಮಾತ್ರ ಅಂದ್ಕೊಂಡಿದ್ದೆ' ಅಂದರು. ಇಬ್ಬರೂ ಜೋರಾಗಿ ನಕ್ಕೆವು. ಇನ್ನೂ ಇಬ್ಬರು ಅಮ್ಮಂದಿರಿಗೆ ಹೇಳಿ, ಒಂದೇ ಭಾನುವಾರ ನಾಲ್ಕೂ ಮನೆಯಲ್ಲಿ ಬಾಚೋಕೆ ಕೂತೆವು. ಆಮೇಲೆ ಅದು ತಿರುಗಿ ಬರಲಿಲ್ಲ.

ಹೇನಿದೆ ಅಂತ ಮಗುವನ್ನು ಸ್ಕೂಲು ಬಿಡಿಸಬೇಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ಇದನ್ನೇ ಹೇಳಿದೆ. ಸಿಟ್ಟಿನಲ್ಲಿ ತಲೆ ಬೋಳಿಸಿ ಕಳಿಸಿದರೆ ಕೂದಲು ಮತ್ತೆ ಬರುತ್ತೆ, ಆದರೆ ಕ್ಲಾಸಿನಲ್ಲಿ ಎಲ್ಲರೂ ನಕ್ಕದ್ದು ಆ ಪುಟ್ಟ ಮನಸ್ಸಿನಿಂದ ಹೋಗೋದಿಲ್ಲ. ಮಗಳಿಗೆ ಒಂದೇ ಮಾತು ಹೇಳಿ: 'ನೆಗಡಿ ಬಂದ ಹಾಗೆ ಇದೂ ಬಂದಿದೆ ಪುಟ್ಟಿ, ನಾನೂ ನೀನೂ ಸೇರಿ ಓಡಿಸೋಣ.'

ನೆನಪಿಡಿ
* ವಾರಕ್ಕೊಮ್ಮೆ, ತಲೆಗೆ ನೀರು ಹಾಕಿದ ದಿನ ಸೀರಣಿಗೆ ಆಡಿಸಿ.
* ಸ್ಕೂಲಿಗೆ ಕೂದಲು ಬಿಡಬೇಡಿ, ಬಿಗಿಯಾಗಿ ಜಡೆ ಹಾಕಿ.
* ಮಗುವಿನ ಉಗುರು ಚಿಕ್ಕದಾಗಿ ಕತ್ತರಿಸಿಡಿ.
* ಯಾವ ಮದ್ದಾದರೂ ಸರಿ, ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.
* ರಾತ್ರಿಯಿಡೀ ತಲೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಮಲಗಿಸಬೇಡಿ, ಮಗುವಿನ ಉಸಿರು ಕಟ್ಟಬಹುದು.