ಹೊಲಕ್ಕೆ ಬರುವ ಕರಡಿ: ಅದರ ಮೈಕಟ್ಟು ಏನು ಹೇಳುತ್ತದೆ?

ಎತ್ತು ಕೊಳ್ಳಲು ಸಂತೆಗೆ ಹೋದ ರೈತ ಮೊದಲು ಅದರ ಪಕ್ಕೆ, ಬೆನ್ನು, ಸೊಂಟದ ಎಲುಬು ಮತ್ತು ಬಾಲದ ಬುಡವನ್ನು ನೋಡುತ್ತಾನೆ. ಪಶುವೈದ್ಯರೂ ಇವೇ ಭಾಗಗಳನ್ನು ನೋಡಿ ದನಗಳ ಮೈಕಟ್ಟಿಗೆ ೧ರಿಂದ ೫ರವರೆಗೆ ಅಂಕ ಕೊಡುತ್ತಾರೆ. ಎಲುಬುಗಳು ಎದ್ದು ಕಂಡರೆ ೧, ಕೊಬ್ಬಿನಲ್ಲಿ ಮುಚ್ಚಿಹೋಗಿದ್ದರೆ ೫. ಉತ್ತರ ಧ್ರುವದ ಹಿಮಕರಡಿಗಳಿಗೂ ವಿಜ್ಞಾನಿಗಳು ಇಂಥದೇ ಐದು ಅಂಕಗಳ ಕ್ರಮ ಬಳಸಿದ್ದಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ರೈತ ಬಾಂಧವರಿಗೂ ಈ ತಿಳಿವಳಿಕೆ ಉಪಯುಕ್ತ. ಹೊಲಕ್ಕೆ ನುಗ್ಗಿದ ಕರಡಿ ಹಸಿದು ಬಂದಿದೆಯೋ, ಬೆಳೆಯ ರುಚಿ ಹತ್ತಿ ಬಂದಿದೆಯೋ ಎಂಬ ಸುಳಿವು ಅದರ ಮೈಕಟ್ಟಿನಲ್ಲಿದೆ.

ಕೊಬ್ಬು ಕರಗುವ ಕ್ರಮ

ಕೊಬ್ಬು ಪ್ರಾಣಿಯ ಕಣಜವಿದ್ದಂತೆ. ಮೇವು ಸಾಲದಾದಾಗ ಜಿಂಕೆಯಂಥ ಪ್ರಾಣಿಗಳಲ್ಲಿ ಮೊದಲು ಚರ್ಮದಡಿಯ ಕೊಬ್ಬು, ಅನಂತರ ಮೂತ್ರಪಿಂಡದ ಸುತ್ತಣ ಕೊಬ್ಬು, ಕೊನೆಗೆ ಎಲುಬಿನ ಮಜ್ಜೆಯ ಕೊಬ್ಬು ಕರಗುತ್ತದೆ. ಸತ್ತ ಪ್ರಾಣಿಯ ಮಜ್ಜೆ ಕೆಂಪಾಗಿ ಲೋಳೆಯಂತಿದ್ದರೆ ಅದು ಬಹಳ ದಿನ ಉಪವಾಸವಿತ್ತೆಂದು ತಿಳಿಯಬಹುದು. ಈ ಪರೀಕ್ಷೆ ತಜ್ಞರ ಕೆಲಸ. ಸತ್ತ ಕಾಡುಪ್ರಾಣಿಯನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕರಡಿಯಲ್ಲಿ ನೋಡಬೇಕಾದದ್ದು

ಕಮಲಾಪುರದ ಬಳಿಯ ದರೋಜಿ ಕರಡಿಧಾಮ ೧೯೯೪ರಲ್ಲಿ ಸ್ಥಾಪನೆಯಾಯಿತು. ಇಲ್ಲಿನ ಕರಡಿಗಳು ಗೆದ್ದಲು, ಇರುವೆ, ಜೇನು ಮತ್ತು ಕಾಡುಹಣ್ಣು ತಿಂದು ಬದುಕುತ್ತವೆ. ಶೇಂಗಾ, ಮೆಕ್ಕೆಜೋಳದ ಹೊಲಗಳಿಗೂ ಬರುತ್ತವೆ. ದೂರದಿಂದ, ಸುರಕ್ಷಿತ ಸ್ಥಳದಿಂದ ಮಾತ್ರ ಈ ಅಂಶಗಳನ್ನು ಗಮನಿಸಬೇಕು:

೧. ಉದ್ದ ಕೂದಲು ಪಕ್ಕೆಲುಬನ್ನು ಮುಚ್ಚುತ್ತದೆ. ಆದ್ದರಿಂದ ಪಕ್ಕೆಗಿಂತ ಸೊಂಟ ಮತ್ತು ಹಿಂಭಾಗವನ್ನು ನೋಡುವುದು ಮೇಲು. ಅವು ದುಂಡಗಿದ್ದರೆ ಮೈ ತುಂಬಿದೆ. ಎಲುಬು ಚೂಪಾಗಿ ಕಂಡರೆ ಬಡವಾಗಿದೆ.

೨. ಹೊಟ್ಟೆ ದಪ್ಪಗಿದ್ದರೆ ಕೊಬ್ಬಿದೆ ಎಂದಲ್ಲ. ಅದು ಅಂದಿನ ಊಟವಷ್ಟೇ ಆಗಿರಬಹುದು.

೩. ಮರಿಗೆ ಹಾಲೂಡುವ ತಾಯಿ ಬಡವಾಗಿರುವುದು ಸಹಜ. ಅದನ್ನು ಕಂಡು ಕಾಡಿನಲ್ಲಿ ಬರವೆಂದು ತೀರ್ಮಾನಿಸಬಾರದು.

೪. ಒಂದು ಕರಡಿ, ಒಂದು ದಿನ ನೋಡಿದರೆ ಸಾಲದು. ಬೇಸಿಗೆ ಹಾಗೂ ಮಳೆಗಾಲದಲ್ಲಿ ಕಂಡದ್ದನ್ನು ದಿನಾಂಕದೊಡನೆ ಬರೆದಿಡಬೇಕು.

ಕಂಪ್ಲಿಯ ಕಡೆ ಹೊಳೆಯಲ್ಲಿ ಕಾಣುವ ನೀರುನಾಯಿಗೆ ಬಾಲದ ಬುಡವೇ ಗುರುತು. ಮೈ ತುಂಬಿದ್ದರೆ ಬುಡ ದಪ್ಪವಾಗಿರುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ ೩೪ ಕಿಲೋಮೀಟರ್ ಪಾತ್ರ ೨೦೧೫ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ.

ರೈತರು ಕೈಗೊಳ್ಳಬೇಕಾದ ಕ್ರಮ

ಬೇಸಿಗೆಯಲ್ಲಿ ಹಲವು ಕರಡಿಗಳು ಬಡವಾಗಿ ಕಂಡರೆ ಕಾಡಿನಲ್ಲಿ ಹಣ್ಣು, ನೀರಿನ ಕೊರತೆಯಿರುವ ಸಂಭವವುಂಟು. ಗುಡ್ಡದಂಚಿನ ಬಾರೆ, ಕಾರೆ, ಕವಳೆ ಗಿಡಗಳನ್ನು ಕಡಿಯಬಾರದು, ಹುತ್ತಗಳನ್ನು ಕೆಡವಬಾರದು. ನೀರಿನ ಕೊರತೆಯನ್ನು ಅರಣ್ಯ ಇಲಾಖೆಯ ಗಮನಕ್ಕೆ ತರಬೇಕು. ಮೈ ತುಂಬಿದ ಕರಡಿಗಳೇ ಮತ್ತೆ ಮತ್ತೆ ಬಂದರೆ ಸುಲಭದ ಊಟ ಅವನ್ನು ಕರೆಯುತ್ತಿರಬಹುದು. ಆಗ ಬಲಿತ ಬೆಳೆಯನ್ನು ಬೇಗ ಒಕ್ಕಣೆ ಮಾಡಿ ಮನೆಗೆ ಸಾಗಿಸಬೇಕು. ಕಿತ್ತ ಶೇಂಗಾ ಬಳ್ಳಿಯ ಗುಡ್ಡೆಯನ್ನು ಹೊಲದಲ್ಲೇ ಬಿಡಬಾರದು.

ಬಡಕಲಾಗಿರಲಿ, ಕೊಬ್ಬಿರಲಿ, ಹತ್ತಿರದಿಂದ ಬೆದರಿದ ಕರಡಿ ಮನುಷ್ಯನ ಮೇಲೆ ಬೀಳುತ್ತದೆ. ಮರಿಯಿದ್ದ ತಾಯಂತೂ ಬಿಡುವುದಿಲ್ಲ. ನಸುಕಿನಲ್ಲಿ, ಸಂಜೆಗತ್ತಲಲ್ಲಿ ಒಬ್ಬರೇ ಹೊಲಕ್ಕೆ ಹೋಗದೆ, ದೀಪ ಹಿಡಿದು, ಮಾತಾಡುತ್ತ ಗುಂಪಾಗಿ ಹೋಗುವುದು ಕ್ಷೇಮ. ಹೋದ ಬೆಳೆಯನ್ನು ಮುಂದಿನ ಹಂಗಾಮಿಗೆ ಬೆಳೆದುಕೊಳ್ಳಬಹುದು. ಹೋದ ಜೀವ ಮರಳದು.