ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಮೊದಲು ಸ್ಲಾಟ್ ನೋಡಿ

ಬಟನ್ ಒತ್ತಿ, ಕಾಫಿ ಕುಡಿದು ಬಂದರೂ ಲ್ಯಾಪ್‌ಟಾಪ್ ಇನ್ನೂ ತೆರೆದುಕೊಳ್ತಾನೇ ಇದೆಯಾ? ಹೊಸದು ಕೊಳ್ಳೋಕೆ ಹೊರಡಬೇಡಿ, ಸ್ವಲ್ಪ ತಡೀರಿ.

ಒಳಗೆ ಹಾರ್ಡ್ ಡಿಸ್ಕ್ ಇದ್ದರೆ, ಅದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗ್ತಿರುತ್ತೆ. ಪ್ರತಿ ಫೈಲಿಗೂ ಒಂದು ಪುಟ್ಟ ತೋಳು ಅತ್ತಿಂದಿತ್ತ ಓಡಾಡಬೇಕು. ತಡ ಆಗೋದು ಅಲ್ಲೇ. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ, ಎಲ್ಲಾ ಚಿಪ್.

ಹಳೇ ಡಿಸ್ಕ್ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತೆ. ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ತೆಳ್ಳನೆಯ ಪಟ್ಟಿಯಂತಿರೋದು ಎಂ.2. ಅದರ ಮೇಲೆ 2280 ಅಂತಿದ್ದರೆ ಅಗಲ 22, ಉದ್ದ 80 ಮಿಲಿಮೀಟರ್.

ಜನ ಎಡವೋದು ಇಲ್ಲೇ. ಎಂ.2 ಅನ್ನೋದು ಬರೀ ಆಕಾರ, ಸಂಪರ್ಕ ಸಾಟಾ ಇರಬಹುದು ಇಲ್ಲವೇ ಅದಕ್ಕಿಂತ ವೇಗದ ಎನ್‌ವಿಎಂಇ ಇರಬಹುದು. ಕೆಲವು ಸ್ಲಾಟ್‌ಗಳಿಗೆ ಸಾಟಾ ಮಾತ್ರ ಆಗುತ್ತೆ, ಕೆಲವಕ್ಕೆ ಎನ್‌ವಿಎಂಇ ಮಾತ್ರ. ತಪ್ಪು ತಂದರೆ, ಕೂತರೂ ಕೆಲಸ ಮಾಡಲ್ಲ! ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನ್ಯುಯಲ್ ನೋಡಿಕೊಂಡೇ ಅಂಗಡಿಗೆ ಹೋಗಿ.

ಎನ್‌ವಿಎಂಇ ಮೂರನೇ ತಲೆಮಾರಿನದೇ ಸೆಕೆಂಡಿಗೆ 3500 ಎಂಬಿ ತನಕ ಓಡುತ್ತೆ. ಆದರೂ ದಿನದ ಕೆಲಸಕ್ಕೆ ಸಾಟಾ ಸಾಕು, ನಿಮ್ಮ ಲ್ಯಾಪ್‌ಟಾಪ್‌ಗೆ ಅದೊಂದೇ ಆಗುತ್ತೆ ಅಂತ ಬೇಜಾರು ಬೇಡ. 256 ಜಿಬಿ ಬೇಗ ತುಂಬುತ್ತೆ, ಅದಕ್ಕೇ 512 ತಗೊಳ್ಳಿ.

ಬಿಚ್ಚೋ ಮುಂಚೆ ಫೋಟೋ, ದಾಖಲೆಗಳ ಬ್ಯಾಕಪ್ ತಗೊಳ್ಳಿ. ಇದನ್ನ ದಯವಿಟ್ಟು ಮರೀಬೇಡಿ. ಒಳಗಿನ ಬ್ಯಾಟರಿ ಕನೆಕ್ಟರ್ ಕಳಚಿದ ಮೇಲೇ ಡ್ರೈವ್‌ಗೆ ಕೈ ಹಾಕಿ. ಹೊರತೆಗೆದ ಹಾರ್ಡ್ ಡಿಸ್ಕ್ ಎಸೀಬೇಡಿ, ಯುಎಸ್‌ಬಿ ಕೇಸಿಗೆ ಹಾಕಿದರೆ ಮುಂದಿನ ಬ್ಯಾಕಪ್‌ಗೆ ಅದೇ ಆಗುತ್ತೆ.